ಕಮಲಿಯ ಬಾಸಿಂಗ

ಚೌತಿ ಹತ್ತಿರ ಬಂತು, ಜೇಡರಬಲೆ ಹೊಡೆಯಬೇಕು ಎಂದು ಹಿಂದಿನ ಸಂಜೆ ಹೇಳಿದ್ದು ಅತ್ತೆಯೇ. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಸುಚಿತಾ ತಲೆಗೆ ಟವೆಲು ಸುತ್ತಿಕೊಂಡು, ಉದ್ದ ಕೋಲಿನ ತುದಿಗೆ ಕಡ್ಡಿಯ ಹಿಡಿಪೊರಕೆ ಕಟ್ಟಿ, ನಡುಮನೆಯ ಮೂಲೆಯಿಂದ ಕೆಲಸ ಶುರುಮಾಡಿದ್ದಳು. ಹಿಡಿ ತಾಗಿದಲ್ಲೆಲ್ಲ ಮಸಿ, ಗೆದ್ದಲ ಮಣ್ಣು, ಹಲ್ಲಿಮೊಟ್ಟೆಯ ಸಿಪ್ಪೆ ಉದುರುತ್ತಿತ್ತು. ಹೊರಗೆ ಮಳೆ ಆಗಷ್ಟೇ ನಿಂತು, ಹೊನ್ನಾವರದ ಪಕ್ಕದ ಕಾಸರಕೋಡಿನ ಬಂದರಿನ ಕಡೆಯಿಂದ ಡೀಸೆಲ್ಲು ಮತ್ತು ಒಣಮೀನಿನ ವಾಸನೆ ಒದ್ದೆ ಬಟ್ಟೆಯ ಹಾಗೆ ಮನೆಯೊಳಗೆ ಬಂದು ಬಿದ್ದಿತ್ತು.

ಅಡುಗೆಮನೆಗೆ ಹೋಗುವ ಬಾಗಿಲ ಮೇಲೆ ಒಂದು ದಪ್ಪ ತೊಲೆ. ಅದರ ಮೊಳೆಗೆ ಹಳೆಯ ಬಾಸಿಂಗವೊಂದು ತೂಗುತ್ತಿತ್ತು. ಮದುಮಗಳು ಹಣೆಗೆ ಕಟ್ಟಿಕೊಳ್ಳುವ ಬೆಂಡಿನ ಬಾಸಿಂಗ. ಹೊಗೆ ಕುಡಿದು ಹಳದಿಯಾದ ಬೆಂಡು, ಬಣ್ಣ ಹೋದ ಬೇಗಡೆ, ಎರಡೂ ಪಕ್ಕ ಇಳಿಬಿದ್ದ ಎಳೆಗಳು. ಸುಚಿತಾ ಕೋಲನ್ನು ಅದರ ಕಡೆ ಎತ್ತಿದ್ದಳಷ್ಟೆ.

"ಅದ್ಕೆ ಹಿಡಿ ತಾಗ್ಸಬೇಡ."

ಅತ್ತೆ ದುರ್ಗಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮೀನಿನ ಬುಟ್ಟಿ ಸೊಂಟದ ಮೇಲಿತ್ತು. ದನಿ ಏರಿರಲಿಲ್ಲ, ಆದರೆ ಸುಚಿತಾಳ ಕೈ ತಾನಾಗಿ ನಿಂತಿತು.

"ಧೂಳು ಕೂತಿದೆ ಅತ್ತೆ. ಮಗು ರಾತ್ರಿ ಕೆಮ್ಮತ್ತೆ."

"ಕೆಮ್ಮಲಿ. ಕಮಲಿದು ಅದು. ಬೇರೆಯವ್ಳ ಕೈ ತಾಗೂಕಾಗ. ತಾಗಿದ್ರೆ ಮನೆಗೆ ಒಳ್ಳೇದಲ್ಲ. ನಿಂಗಂತೂ ಒಳ್ಳೇದಲ್ಲ."

ಸುಚಿತಾಳಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಬೆಂಡಿಗೂ ಕಾಗದಕ್ಕೂ ಹೆದರುವವರು ಮನೆಯಲ್ಲಿ ಕರೆಂಟು ಯಾಕೆ ಹಾಕಿಸಿಕೊಂಡಿರಿ ಎಂದು ಕೇಳಿದಳು. ದುರ್ಗಮ್ಮ ಬಾಗಿಲ ಕೆಳಗೆ ಇದ್ದ ಮರದ ಸ್ಟೂಲನ್ನು ಕಾಲಲ್ಲಿ ಸ್ವಲ್ಪ ಸರಿಸಿ, ಬುಟ್ಟಿ ತಲೆಗೇರಿಸಿಕೊಂಡು ಹೊರಟುಹೋದಳು. ಸ್ಟೂಲು ಬಾಸಿಂಗದ ನೇರ ಅಡಿಗೆ ಬಂದು ನಿಂತಿದ್ದನ್ನು ಸುಚಿತಾ ಆಗ ಗಮನಿಸಲಿಲ್ಲ.

ಕಮಲಿ ಸುಚಿತಾಳ ಗಂಡ ರಾಜೀವನ ಮೊದಲ ಹೆಂಡತಿ. ದುರ್ಗಮ್ಮನ ತಮ್ಮನ ಮಗಳು. ತಾಯಿ ಸತ್ತ ಮೇಲೆ ದುರ್ಗಮ್ಮನೇ ಅವಳನ್ನು ಮಡಿಲಿಗೆ ಹಾಕಿಕೊಂಡು ಸಾಕಿ, ತಾನು ಸಾಕಿದ ಹುಡುಗಿ ಬೇರೆ ಮನೆಗೆ ಹೋಗಬಾರದೆಂದು ಮಗನಿಗೇ ತಂದುಕೊಂಡಿದ್ದಳು. ಎರಡು ಮಳೆಗಾಲದ ಹಿಂದೆ ಇಳಿತದ ಹೊತ್ತಿಗೆ ಬಳಚೆಂಬ ಚಿಪ್ಪುಮೀನು ಹೆಕ್ಕಲು ಕೆಸರಿಗೆ ಇಳಿದವಳು ತಿರುಗಿ ಬರಲಿಲ್ಲ. ಏರುನೀರು ಅವಳನ್ನು ಹೊಳೆ ಕಡಲು ಸೇರುವ ಅಳಿವೆಯ ಕಡೆ ಎಳೆದುಕೊಂಡು ಹೋಗಿತ್ತು. ಹೆಣ ಸಿಕ್ಕಾಗ ಮುಷ್ಟಿಯಲ್ಲಿ ಇನ್ನೂ ಚಿಪ್ಪುಗಳಿದ್ದವಂತೆ.

ಸುಚಿತಾ ಭಟ್ಕಳದವಳು. ಹೊನ್ನಾವರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ರಾಜೀವ ಮಗಳ ಕೈ ಹಿಡಿದುಕೊಂಡು ಜ್ವರಕ್ಕೆ ರಕ್ತ ಕೊಡಿಸಲು ಬಂದ ದಿನ ಅವಳು ಮೊದಲು ನೋಡಿದ್ದು ಅವನನ್ನಲ್ಲ, ದಿವ್ಯಶ್ರೀಯನ್ನು. ಸೂಜಿ ಚುಚ್ಚಿದರೂ ಅಳದೆ, ತುಟಿ ಕಚ್ಚಿಕೊಂಡು, ಬಾಚದ ತಲೆಯಲ್ಲಿ ಕೂತಿದ್ದ ಹುಡುಗಿ. ಸುಚಿತಾ ಕೂಡ ತಾಯಿಯಿಲ್ಲದೆ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಬಾಚದ ತಲೆ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು.

ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆಯಿತು. ಆಮೇಲೆ ಇಡಗುಂಜಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ಹಸೆಗೆ ಕೂತು, ಬಾಸಿಂಗ ಕಟ್ಟಿಕೊಂಡು ಮನೆ ತುಂಬಬೇಕು ಎಂದು ದುರ್ಗಮ್ಮ ಹಟ ಹಿಡಿದಿದ್ದಳು. ಈ ಕೇರಿಯಲ್ಲಿ ಮದುಮಗಳ ಬಾಸಿಂಗವನ್ನು ಗಂಡನ ಮನೆಯ ತೊಲೆಗೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಅವಳು ಆ ಮನೆಯವಳು. ಬದುಕಿರುವ ತನಕ ಅದು ಅಲ್ಲೇ ತೂಗಬೇಕು. ಸುಚಿತಾ ಇವೆಲ್ಲ ಬೇಡವೆಂದಳು. ಈ ವಯಸ್ಸಿನಲ್ಲಿ ಹಣೆಗೆ ಬೆಂಡು ಕಟ್ಟಿಕೊಂಡು ಕೂತರೆ ಯಕ್ಷಗಾನದ ವೇಷದ ಹಾಗೆ ಕಾಣುತ್ತೇನೆ ಎಂದು ನಕ್ಕಳು. ರಾಜೀವನೂ ನಕ್ಕ. ದುರ್ಗಮ್ಮ ನಗಲಿಲ್ಲ. ಅಂದಿನಿಂದ ಅವಳು ಸೊಸೆಯನ್ನು ಹೆಸರು ಹಿಡಿದು ಕರೆಯಲಿಲ್ಲ. ಭಟ್ಕಳದವಳು ಎಂದೇ ಕರೆದಳು. ಕೇರಿಯ ಹೆಂಗಸರು ಅದನ್ನೇ ಹಿಡಿದುಕೊಂಡರು. ನೀರಿಗೆ ಹೋದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತು. ಮೀನು ಕೇಳಿದರೆ ಇದ್ದ ಮೀನೂ ಇಲ್ಲವಾಗುತ್ತಿತ್ತು. ಆಗಸ್ಟ್ ಬಂದು ಬೋಟುಗಳು ನೀರಿಗಿಳಿದ ಮೇಲೆ ರಾಜೀವ ಮೀನು ಹಿಡಿಯಲು ರತ್ನಗಿರಿಯ ಕಡೆ ಹೋದ. ಅಲ್ಲಿಂದ ಮುಂದೆ ಮನೆಯಲ್ಲಿ ಅವಳಿಗೆ ಉಳಿದದ್ದು ಮಗು ಮಾತ್ರ.

ಮಗುವೂ ಪೂರ್ತಿ ಅವಳದಾಗಿರಲಿಲ್ಲ. ದಿವ್ಯ ಕಮಲಿಯನ್ನು ಆಯಿ ಎನ್ನುತ್ತಿದ್ದಳು. ಆ ಹೆಸರು ಅವಳಿಗೇ ಇರಲಿ, ನನ್ನನ್ನು ಅಮ್ಮ ಅಂತ ಕರಿ ಎಂದು ಸುಚಿತಾ ಹೇಳಿದ್ದಳು. ಮಗು ತಲೆಯಾಡಿಸಿತ್ತು, ಕರೆದಿರಲಿಲ್ಲ. ಬೆಳಿಗ್ಗೆ ಜಡೆ ಹೆಣೆಯುವಾಗ ಒಮ್ಮೊಮ್ಮೆ "ಒಂದು ಕೇಳ್ಲಾ?" ಎನ್ನುತ್ತಿತ್ತು. ಸುಚಿತಾ ಕೂದಲಿನ ಸಿಕ್ಕನ್ನು ತುದಿಯಿಂದ ಮೇಲಕ್ಕೆ, ಬುಡ ಹಿಡಿದುಕೊಂಡು, ನೋವಾಗದ ಹಾಗೆ ಬಿಡಿಸುತ್ತ "ಕೇಳು ಪುಟ್ಟ" ಎನ್ನುವಳು. ದಿವ್ಯಳ ಕಣ್ಣು ತೊಲೆಯ ಕಡೆ ಹೋಗುತ್ತಿತ್ತು. ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಅಂದರೆ ಮಗುವಿನ ಬಾಯಿ ಕಟ್ಟಿದ್ದು ಆ ಬಾಸಿಂಗ. ಹಿಡಿ ಹಿಡಿದುಕೊಂಡು ನಿಂತ ಸುಚಿತಾಳಿಗೆ ಹಾಗೆ ಅನಿಸಿತು. ಸತ್ತವಳ ಗುರುತನ್ನು ದಿನವೂ ಮಗುವಿನ ತಲೆಯ ಮೇಲೆ ತೂಗುಹಾಕಿ, ಮಗು ಹೊಸಬಳನ್ನು ಹಚ್ಚಿಕೊಳ್ಳಲಿ ಎಂದರೆ ಹೇಗೆ? ಸ್ಟೂಲು ಕಾಲ ಹತ್ತಿರವೇ ಇತ್ತು. ಹತ್ತಿದಳು. ದಾರ ಎಳೆದಳು.

ಬಾಸಿಂಗ ಬೆಂಡಿನ ತೂಕಕ್ಕಿಂತ ಭಾರವಿತ್ತು. ಮಲಗಿದ ಮಗುವನ್ನು ಎತ್ತಿದಾಗ ಕೈಗೆ ಬರುವಂಥ, ಜೋತು ಬೀಳುವ ಭಾರ.

ದಿವ್ಯ ಚಾಪೆಯ ಮೇಲಿಂದ ಎದ್ದು ಕೂತು ನೋಡುತ್ತಿದ್ದಳು. ಸುಚಿತಾ ಅವಳಿಗೆ ನಗು ತೋರಿಸಿ, ಬಚ್ಚಲಿಗೆ ಹೋಗಿ, ಹಂಡೆಯ ಒಲೆಗೆ ಅದನ್ನು ನೂಕಿದಳು. ಬೆಂಡಿಗೆ ಬೆಂಕಿ ತಾಗಿದರೆ ಭುಗ್ಗೆಂದು ಹತ್ತಬೇಕು. ಅದು ಹತ್ತಲಿಲ್ಲ. ಮೊದಲು ಬೆವರಿತು. ಬೆಂಡಿನ ಮೈಮೇಲೆ ಹನಿಹನಿಯಾಗಿ ನೀರು ಕೂತಿತು. ಕೆಸರಿನ ವಾಸನೆ ಎದ್ದಿತು. ಆಮೇಲೆ ಕೂದಲು ಸುಟ್ಟ ವಾಸನೆ. ಒಳಗಿನಿಂದ ಬಳೆ ಒಡೆದ ಹಾಗೆ ಒಂದು ಸದ್ದು. ಕೊನೆಗೆ, ಬೂದಿಯಾದ ಮೇಲೆ, ಬಚ್ಚಲು ತುಂಬ ಸುರಗಿ ಹೂವಿನ ಪರಿಮಳ.

ಸುರಗಿ ಶಿವರಾತ್ರಿಯ ಹೊತ್ತಿನ ಹೂ. ಶ್ರಾವಣದಲ್ಲಿ ಎಲ್ಲಿಯೂ ಇರುವುದಿಲ್ಲ. ಬಾಸಿಂಗಕ್ಕೆ ಒಣಗಿದ ಹೂವಿನ ಸರ ಸುತ್ತಿದ್ದಿರಬೇಕು ಎಂದು ಸುಚಿತಾ ಅಂದುಕೊಂಡಳು. ಕೈ ತೊಳೆದಳು. ಪರಿಮಳ ಹೋಗಲಿಲ್ಲ.

ಮಧ್ಯಾಹ್ನ ದುರ್ಗಮ್ಮ ಬಂದಳು. ಖಾಲಿ ಮೊಳೆ ನೋಡಿದಳು. ಸುಚಿತಾ ಜಗಳಕ್ಕೆ ತಯಾರಾಗಿಯೇ ನಿಂತಿದ್ದಳು. ಮುದುಕಿ ಜಗಳ ತೆಗೆಯಲಿಲ್ಲ. ಯಾರು ಇಳಿಸಿದ್ದು ಎಂದು ಮಾತ್ರ ಕೇಳಿದಳು. ನಾನೇ, ನನ್ನ ಕೈಯಾರೆ ಎಂದು ಸುಚಿತಾ ಹೇಳಿದಳು. ದುರ್ಗಮ್ಮ ಅವಳ ಬಲಗೈಯನ್ನು ಎತ್ತಿಕೊಂಡು, ಅಂಗೈ ತೆರೆದು, ಮೂಗಿಗೆ ಹಿಡಿದು ಒಮ್ಮೆ ಮೂಸಿದಳು.

"ಆತು ಮಗಳೇ," ಎಂದಳು. "ಊಟ ಮಾಡು ಬಾ."

ಅತ್ತೆಯ ಬಾಯಲ್ಲಿ ಮಗಳೇ ಎಂಬ ಮಾತು ಕೇಳಿದ್ದು ಅದೇ ಮೊದಲು. ಸುಚಿತಾಳ ಕಣ್ಣು ಒದ್ದೆಯಾಯಿತು.

ಆಮೇಲಿನ ದಿನಗಳಲ್ಲಿ ಆದದ್ದೆಲ್ಲ ಸಣ್ಣ ಸಣ್ಣದು. ಬಂಗಡೆ ಸೀಳಲು ಬಾರದ ಸುಚಿತಾ ಒಂದು ಬೆಳಿಗ್ಗೆ ಬುಟ್ಟಿ ಬಂಗಡೆಯನ್ನು ಮಾತಾಡುತ್ತ ಮಾತಾಡುತ್ತ ಸೀಳಿ ಮುಗಿಸಿದಳು. ಕತ್ತಿ ಕೈಯಲ್ಲಿ ತಾನೇ ಓಡಿತು. ಬಳಚಿನ ಸುಕ್ಕಕ್ಕೆ ಉಪ್ಪು ಹಾಕಲು ಡಬ್ಬ ಹುಡುಕಿದಳು. ಕೈ ಮಾತ್ರ ಒಲೆಯ ಹಿಂದಿನ ಗೂಡಿಗೆ ಹೋಯಿತು. ಅಲ್ಲಿ ಒಂದು ಹಳೆಯ ಮರದ ಮರಿಗೆ, ಅದರಲ್ಲಿ ಕಲ್ಲುಪ್ಪು. ಅಂಥ ಗೂಡು ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ದುರ್ಗಮ್ಮ ಒಂದು ಚಿಪ್ಪು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಕಣ್ಣಂಚಲ್ಲಿ ನೀರು ಇಳಿಯಿತು. ಖಾರ ಹೆಚ್ಚಾಯಿತಾ ಎಂದು ಸುಚಿತಾ ಕೇಳಿದಳು. ಇಲ್ಲ, ಸಮಾ ಆಗಿದೆ, ಮುಂಚಿನ ಹಾಗೇ ಆಗಿದೆ ಎಂದಳು ಮುದುಕಿ.

ಸಂಜೆ ತಲೆ ಬಾಚುವಾಗ ಉದುರಿದ ಕೂದಲನ್ನು ದುರ್ಗಮ್ಮ ಕೇಳಿ ಇಸಿದುಕೊಳ್ಳುತ್ತಿದ್ದಳು. ಕಾಗೆ ಗೂಡಿಗೆ ಒಯ್ಯಬಾರದು ಎನ್ನುತ್ತಿದ್ದಳು. ಉಂಡೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಅತ್ತೆಯ ಮನಸ್ಸು ತಿರುಗಿತು ಎಂದು ಸುಚಿತಾ ಸಂತೋಷದಿಂದಲೇ ಕೊಟ್ಟಳು.

ಒಂದು ದಿನ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದ ಮನೆಯ ದೇವಿ ಹತ್ತಿರ ಬಂದು ನಿಂತಳು. ಮೀನು ಒಣಗಿಸುವ ಹೆಂಗಸು. ಇಷ್ಟು ದಿನ ಮುಖ ಕೊಟ್ಟವಳಲ್ಲ. ಅತ್ತ ಇತ್ತ ನೋಡಿ, ರಸ್ತೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ಹೆಂಡ್ತಿ ಸತ್ರೆ ಅವ್ಳ ಬಾಸಿಂಗ ಹೆಣದ ಸಂಗ್ತಿಗೇ ಹೋಗ್ಬೇಕು. ಅಳಿವೆಗೆ ಬಿಡ್ತ್ರು. ಕಮಲಿದು ಬಿಟ್ಟಿರ್ಲಿಲ್ಲ. ಯಾಕೆ ಅಂತ ನಿನ್ನ ಅತ್ತೆ ಹತ್ರ ಕೇಳಿದ್ಯ?"

"ಅದನ್ನ ನಾನು ಸುಟ್ಟಾಯ್ತು."

ದೇವಿ ತಿರುಗಿ ಅವಳನ್ನು ನೋಡಿದಳು. ಹಣೆ, ಕಣ್ಣು, ಮತ್ತೆ ಕೈ. ಮೂಗು ಹಿಗ್ಗಿಸಿ ಗಾಳಿ ಎಳೆದುಕೊಂಡಳು. ಮುಖ ಬಿಳಿಚಿತು.

"ಭಟ್ಕಳಕ್ಕೆ ಹೋಗ್ಬಿಡು," ಎಂದಳು. "ಈಗ್ಲೇ. ಈ ಬಸ್ಸಿಗೇ."

ಬಸ್ಸು ಬಂತು. ಸುಚಿತಾ ಹತ್ತಿದಳು, ಲ್ಯಾಬಿನ ಹತ್ತಿರ ಇಳಿದಳು. ಇಷ್ಟು ದಿನ ನೀರು ಬಿಡದವರು ಈಗ ಊರನ್ನೇ ಬಿಡಿಸಲು ನೋಡುತ್ತಾರೆ ಎಂದು ಒಳಗೊಳಗೇ ಸಿಟ್ಟಾದಳು. ಆದರೆ ಕೈಗವಸು ಹಾಕಿಕೊಳ್ಳುವಾಗ ಮೂಗಿಗೆ ಹೊಡೆದದ್ದು ಸ್ಪಿರಿಟ್ಟಿನ ವಾಸನೆಯಲ್ಲ, ಸುರಗಿ. ಮಧ್ಯಾಹ್ನ ಮುಖ ತೊಳೆಯಲು ಹೋಗಿ ಕನ್ನಡಿ ನೋಡಿದಾಗ ಹಣೆಯಲ್ಲಿ ಕುಂಕುಮ, ಎಂದೂ ಬೊಟ್ಟು ಇಡುವ ಜಾಗಕ್ಕಿಂತ ಕೆಳಗೆ, ಎರಡು ಹುಬ್ಬಿನ ನಡುವೆ ಇತ್ತು. ಅವಳು ಸ್ಟಿಕ್ಕರ್ ಇಡುವವಳು. ಕುಂಕುಮ ಯಾವಾಗ ಇಟ್ಟುಕೊಂಡಳೋ ನೆನಪೇ ಆಗಲಿಲ್ಲ.

ಅದೇ ಸಂಜೆ ದಿವ್ಯಳಿಗೆ ಜ್ವರ ಬಂತು.

ಜ್ವರ ಸುಚಿತಾಳಿಗೆ ಗೊತ್ತಿರುವ ಶತ್ರು. ಮಾತ್ರೆ ಕೊಟ್ಟಳು, ಒದ್ದೆ ಬಟ್ಟೆ ಹಾಕಿದಳು. ಮರುದಿನ ಡಾಕ್ಟರಿಗೆ ತೋರಿಸಿದಳು. ತಾನೇ ರಕ್ತ ತೆಗೆದಳು, ತಾನೇ ಪರೀಕ್ಷೆ ಮಾಡಿದಳು. ಮಲೇರಿಯ ಇಲ್ಲ, ಡೆಂಗ್ಯೂ ಇಲ್ಲ, ಇಲಿಜ್ವರ ಇಲ್ಲ. ಎಲ್ಲ ಸರಿಯಾಗಿತ್ತು. ಮಗು ಮಾತ್ರ ಹೆಂಚಿನ ಹಾಗೆ ಕಾದಿತ್ತು. ಇನ್ನೊಂದು ವಿಚಿತ್ರವನ್ನು ಸುಚಿತಾ ಯಾರಿಗೂ ಹೇಳಲಿಲ್ಲ. ಅವಳು ದೂರ ಕೂತಾಗ ಜ್ವರ ಇಳಿಯುತ್ತಿತ್ತು. ಅವಳು ಮುಟ್ಟಿದರೆ ಏರುತ್ತಿತ್ತು.

"ಆಯಿ ಎದೆ ಮೇಲೆ ಕೂತದೆ," ಎಂದು ದಿವ್ಯ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಮೈಯೆಲ್ಲ ಒದ್ದೆ. ಏಳೂಕೆ ಹೇಳು."

ಸುಚಿತಾ ನೋಡಿದಳು. ಎದೆಯ ಮೇಲೆ ಏನೂ ಇರಲಿಲ್ಲ. ಅಲ್ಲಿದ್ದದ್ದು ಅವಳದೇ ಕೈ. ಬೆರಳ ಸಂದಿಯಲ್ಲಿ ಕಪ್ಪು ಕೆಸರಿತ್ತು.

ರಾಜೀವನಿಗೆ ಫೋನ್ ಹಚ್ಚಿದಳು. ಬೋಟು ನಡುಸಮುದ್ರದಲ್ಲಿತ್ತು, ಸಿಗ್ನಲ್ ಇರಲಿಲ್ಲ. ಮತ್ತೆ ಹಚ್ಚಿದಳು. ಮತ್ತೆ. ಹೊರಗೆ ಮಳೆ ಕೇರಿಯನ್ನು ಅಳಿಸಿಹಾಕುವಂತೆ ಸುರಿಯುತ್ತಿತ್ತು. ದುರ್ಗಮ್ಮ ಬಂದು ಪಕ್ಕದಲ್ಲಿ ಕೂತಳು, ಅವಳ ತಲೆ ಸವರಿದಳು. ತಪ್ಪು ನಡೆದಿದೆ, ಆದರೆ ದಾರಿಯೂ ಇದೆ ಎಂದಳು. ಕಮಲಿಯ ಗುರುತು ಇಳಿದ ಮೇಲೆ ತೊಲೆ ಖಾಲಿ. ಮನೆಯಲ್ಲಿ ಹೆಂಡತಿಯ ಜಾಗ ಖಾಲಿ ಎಂದು ಅವಳು ಮಗುವನ್ನು ಹುಡುಕಿಕೊಂಡು ಬಂದಿದ್ದಾಳೆ. ನೀನು ಅಂದು ಮಾಡದೆ ಬಿಟ್ಟ ಶಾಸ್ತ್ರವನ್ನು ಇಂದು ಮಾಡು. ಹಸೆಗೆ ಕೂರು, ಬಾಸಿಂಗ ಕಟ್ಟಿಕೋ. ಅದನ್ನು ತೊಲೆಗೆ ಕಟ್ಟಿಬಿಟ್ಟರೆ ಮನೆ ನಿನ್ನದು, ಮಗು ನಿನ್ನದು. ಅವಳು ಬಿಟ್ಟು ಹೋಗುತ್ತಾಳೆ.

ಬೇರೆ ದಿನವಾಗಿದ್ದರೆ ಸುಚಿತಾ ನಗುತ್ತಿದ್ದಳು. ಈಗ ಮಗುವಿನ ಒಣಗಿದ ತುಟಿ ನೋಡಿದಳು.

"ಮಾಡ್ತೇನೆ ಅತ್ತೆ. ಜ್ವರ ಬಿಡತ್ತಲ್ಲ?"

"ಬಿಡ್ತದೆ. ಅದೊಂದು ನಾ ಸುಳ್ಳು ಹೇಳೂದಿಲ್ಲ."

ಧಾರೇಶ್ವರದ ಆಚೆಯಿಂದ ಸುಬ್ಬ ಎಂಬವನು ಬಂದ. ಮಾಟ ತೆಗೆಯುತ್ತಾನೆ ಎಂದು ಕೆಲವರು, ಮಾಡುತ್ತಾನೆ ಎಂದು ಕೆಲವರು ಹೇಳುವ ಮನುಷ್ಯ. ಬಾಳೆ ಎಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ಹೊಸಿಲ ಮೇಲಿಟ್ಟು, ಒಳಗೆ ಬರದೆ ಹಿತ್ತಲ ಜಗಲಿಯಲ್ಲಿ ಬೆನ್ನು ಹಾಕಿ ಕೂತ. ಸುಚಿತಾಳ ಮುಖವನ್ನು ಒಮ್ಮೆಯೂ ನೋಡಲಿಲ್ಲ. ದುರ್ಗಮ್ಮ ಅಕ್ಕಿಹಿಟ್ಟು ಕಲಸಿ, ತೊಲೆಯ ಅಡಿಗೆ ನೆಲದ ಮೇಲೆ ಹಸೆ ಬರೆದಳು. ಹಸೆಯ ಗೆರೆಗಳಿಗೆ ತುದಿ ಇರುತ್ತದೆ. ಇವಳು ಬರೆದದ್ದಕ್ಕೆ ಇರಲಿಲ್ಲ. ಒಂದರೊಳಗೊಂದು ಸುತ್ತಿ ಗಂಟುಬಿದ್ದಿದ್ದವು. ಮಟ ಮಧ್ಯಾಹ್ನ, ಆದರೆ ಮೋಡಕ್ಕೆ ಮನೆಯೊಳಗೆ ಕತ್ತಲೆ ಕವಿದಿತ್ತು. ಚಾಪೆಯ ಮೇಲೆ ದಿವ್ಯ ಏದುಸಿರು ಬಿಡುತ್ತಿದ್ದಳು.

ಸುಚಿತಾ ಹಸೆಯ ಮೇಲೆ ಕೂತಳು. ನೆಲ ತಣ್ಣಗಿತ್ತು. ಇಳಿತ ಆದ ಮೇಲಿನ ಕೆಸರಿನಷ್ಟು ತಣ್ಣಗೆ.

ದುರ್ಗಮ್ಮ ಹಾಡಲು ಶುರುಮಾಡಿದಳು. ಮದುಮಗಳನ್ನು ಮನೆಗೆ ಕರೆಯುವ ಹಾಡು. ಗಂಟಲು ಒಡೆದಿತ್ತು, ರಾಗ ಇರಲಿಲ್ಲ. ಹೆಸರು ಬರುವ ಜಾಗದಲ್ಲಿ ಅವಳು ಹೆಸರು ನುಂಗಿದಳು. ಪೊಟ್ಟಣ ಬಿಚ್ಚಿದಳು. ಹೊಸ ಬೆಂಡಿನ ಬಾಸಿಂಗ, ಹಾಲಿನಂತೆ ಬೆಳ್ಳಗೆ, ಕೆಂಪು ಬೇಗಡೆ. ಹಣೆಗೆ ಹಿಡಿದಳು. ಕಣ್ಣಿನ ಹತ್ತಿರ ಬಂದಾಗ ಸುಚಿತಾ ಅದನ್ನು ಸರಿಯಾಗಿ ನೋಡಿದಳು.

ಬೆಂಡಿನ ಪದರಗಳ ನಡುವೆ ಕಪ್ಪಗೆ ಏನೋ ತುಂಬಿತ್ತು.

ಕೂದಲು.

ಸಣ್ಣ ಸಣ್ಣ ಉಂಡೆಗಳು. ಅವಳದೇ ಕೂದಲು. ದಿನವೂ ಬಾಚಣಿಗೆಯಿಂದ ಬಿಡಿಸಿ, ಕಾಗೆ ಒಯ್ಯದಿರಲಿ ಎಂದು ಅತ್ತೆಯ ಕೈಗೆ ಕೊಟ್ಟದ್ದು.

ಹಳೆಯ ಬಾಸಿಂಗ ಉರಿಯುವಾಗ ಬಂದ ವಾಸನೆ ನೆನಪಾಯಿತು. ಕೈಗೆ ಬಂದ ಭಾರ ನೆನಪಾಯಿತು. ದೇವಿಯ ಮಾತು ನೆನಪಾಯಿತು. ಬಾಗಿಲಡಿಯ ಸ್ಟೂಲು. ಅದನ್ನು ಸರಿಸಿದ ಕಾಲು.

"ಅತ್ತೆ, ಬೇಡ. ಬಿಡಿ."

ದಾರ ತಲೆಯ ಹಿಂದೆ ಹೋಗಿತ್ತು. ಒಂದು ಗಂಟು ಬಿತ್ತು. ಏಳಲು ನೋಡಿದಳು. ಕಾಲು ಏಳಲಿಲ್ಲ. ಕೈ ಎತ್ತಲು ನೋಡಿದಳು. ಕೈ ಎದ್ದಿತು, ಆದರೆ ಬಾಸಿಂಗವನ್ನು ಕಿತ್ತೆಸೆಯಲಿಲ್ಲ. ಜಾರದಂತೆ ಒತ್ತಿ ಹಿಡಿಯಿತು. ಅವಳ ಕೈಯೇ. ಬಂಗಡೆ ಸೀಳಿದ ಕೈ.

ದುರ್ಗಮ್ಮ ಅವಳ ಕಿವಿಯ ಹತ್ತಿರ ಬಾಯಿ ತಂದಳು. ಮುದುಕಿ ಅಳುತ್ತಿದ್ದಳು.

"ಅವ್ಳನ್ನ ಅಳಿವೆಗೆ ಬಿಡೂಕೆ ನನ್ನ ಕೈಯಲ್ಲಿ ಆಗ್ಲಿಲ್ಲ. ಬೆಂಡಲ್ಲಿ ಕಟ್ಟಿ ಇಟ್ಕಂಡೆ. ಬಿಡಿಸೂಕೆ ಹೊಸ ಹೆಂಡ್ತಿ ಕೈಯೇ ಬೇಕಾಗಿತ್ತು, ಅವ್ಳಾಗೇ ಇಳಿಸ್ಬೇಕಾಗಿತ್ತು. ಮುಟ್ಬೇಡ ಅಂದ್ರೆ ನೀ ಮುಟ್ಟೇ ಮುಟ್ತೆ ಅಂತ ನಂಗೆ ಗೊತ್ತಿತ್ತು."

ಎರಡನೇ ಗಂಟು.

ಸುರಗಿ. ಕೆಸರು. ಉಪ್ಪು. ಮೂಗು ತುಂಬಿತು, ಬಾಯಿ ತುಂಬಿತು. ಏರುನೀರು. ನೀರಿಲ್ಲದ ನೀರು. ಅದು ಕಾಲಿನಿಂದ ಬಂತು. ಮಂಡಿ. ಹೊಟ್ಟೆ. ಎದೆ. ಯಾರೋ ಅವಳನ್ನು ಒಳಗಿನಿಂದ ಮೇಲಕ್ಕೆ ತಳ್ಳುತ್ತಿದ್ದರು. ಪುಟ್ಟ, ಎಂದು ಕರೆದಳು. ಸದ್ದು ಬರಲಿಲ್ಲ. ದಿವ್ಯ, ಎಂದು ಕರೆದಳು. ಬಾಯಿ ಅವಳದಾಗಿರಲಿಲ್ಲ. ಕುತ್ತಿಗೆ. ಗದ್ದ. ಕಣ್ಣು. ಹಣೆ. ಹಣೆಯಿಂದ ಆಚೆಗೆ. ಬೆಳ್ಳಗೆ, ಹಗುರ, ಒಣ, ಇಕ್ಕಟ್ಟು. ತಿರುಗಲು ಜಾಗವಿಲ್ಲ. ಉಸಿರಾಡಲು ಏನೂ ಇಲ್ಲ. ಉಸಿರಾಡಬೇಕಾಗಿಯೂ ಇಲ್ಲ.

ಮೂರನೆಯದು.

ಬಾಸಿಂಗ ತೊಲೆಯ ಮೊಳೆಗೇರಿದ ಮೇಲೆ ಅವಳು ಕಂಡದ್ದು ಮೇಲಿನಿಂದ. ಮುದುಕಿಯ ನರೆತ ಬೈತಲೆ. ಅಳಿಸಿಹೋದ ಹಸೆ. ಹಸೆಯ ಮೇಲೆ ಭಟ್ಕಳದ ಸುಚಿತಾಳ ಮೈ. ಅದು ನಿಧಾನವಾಗಿ ಎದ್ದು ನಿಂತು, ಎರಡೂ ಕೈಯನ್ನು ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. ಮುಷ್ಟಿ ಬಿಗಿಯಿತು, ಬಿಚ್ಚಿತು. ಸುಬ್ಬ ತಿರುಗಿ ನೋಡದೆ ಮಳೆಯಲ್ಲೇ ಎದ್ದು ಹೋದ.

"ಅತ್ತೇ," ಎಂದಿತು ಆ ಬಾಯಿ. "ಹಸಿವೆ."

ದುರ್ಗಮ್ಮ ಅದರ ಕಾಲು ತಬ್ಬಿಕೊಂಡು ಕೂತುಬಿಟ್ಟಳು.

ದಿವ್ಯಳ ಜ್ವರ ಸಂಜೆಯೊಳಗೆ ಇಳಿಯಿತು. ಮುದುಕಿ ಅಷ್ಟರ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಚೌತಿಯ ಕೆಲಸ ಹಾಗೇ ಉಳಿದಿತ್ತು. ದುರ್ಗಮ್ಮ ತಾನೇ ಹಿಡಿ ಹಿಡಿದುಕೊಂಡು ನಡುಮನೆ ಗುಡಿಸುತ್ತಿದ್ದಳು. ತೊಲೆಯ ಹತ್ತಿರ ಬಂದಾಗ ಹಿಡಿಯನ್ನು ಕೆಳಗಿಳಿಸಿ, ಹೊಸ ಬಾಸಿಂಗಕ್ಕೆ ತಾಗದಂತೆ ಸುತ್ತಿಹೋದಳು. ಬೆಳಿಗ್ಗೆಯೇ ರಾಜೀವನ ಫೋನ್ ಬಂದಿತ್ತು. ಸೊಸೆ ಮಾತಾಡಿದ್ದಳು. ಬೇಗ ಬನ್ನಿ ಎಂದು ನಕ್ಕಿದ್ದಳು.

ಈಗ ಅವಳು ಬಾಗಿಲಲ್ಲಿ, ತೊಲೆಯ ನೇರ ಅಡಿಗೆ ಕೂತು ದಿವ್ಯಳ ಜಡೆ ಹೆಣೆಯುತ್ತಿದ್ದಳು. ಬಾಚಣಿಗೆ ನೆತ್ತಿಯಲ್ಲಿ ನಾಟಿ ಕೆಳಕ್ಕೆ ಬಂತು. ಸಿಕ್ಕಿಗೆ ಸಿಕ್ಕಿತು. ಎಳೆಯಿತು. ದಿವ್ಯ ತುಟಿ ಕಚ್ಚಿಕೊಂಡಳು. ಮತ್ತೆ ನೆತ್ತಿಯಿಂದ. ಮತ್ತೆ ಎಳೆತ. ತುದಿಯಿಂದ ಬಿಡಿಸು, ಬುಡ ಹಿಡಿದುಕೋ, ಮಗುವಿಗೆ ನೋಯುತ್ತದೆ. ಮೇಲೆ ಬೆಂಡಿನೊಳಗೆ ಸುಚಿತಾ ಕೂಗಿದಳು. ಬೇಗಡೆ ಸಣ್ಣಗೆ ಅಲುಗಾಡಿತು, ಅಷ್ಟೇ. ಗಾಳಿ ಇರಲಿಲ್ಲ.

"ನೋವಾತನೆ?" ಎಂದಳು ಜಡೆ ಹೆಣೆಯುವವಳು, ಪ್ರೀತಿಯಿಂದಲೇ. "ಎರಡು ವರ್ಷ ಆತಲ್ಲ ಮಗಾ, ಕೈ ತಪ್ಪಿ ಹೋಗದೆ. ಇನ್ನು ದಿನಾ ನಾನೇ ಹೆಣಿತೆ. ಆಯಿ ಅನ್ನು, ಕಾಂಬ. ಒಂದ್ಸಲ ಆಯಿ ಅನ್ನು."

ದಿವ್ಯ ಅನ್ನಲಿಲ್ಲ. ಅವಳು ತನ್ನ ಭುಜದ ಮೇಲಿದ್ದ ಕೈಯನ್ನು ನೋಡಿದಳು. ಸೂಜಿ ಚುಚ್ಚುವಾಗ ತನ್ನ ಕಣ್ಣು ಮುಚ್ಚಿದ್ದ ಕೈ. ಆಮೇಲೆ ತಲೆ ಎತ್ತಿ ತೊಲೆಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಬಾಯಿ ತೆರೆದಳು. ಸುಚಿತಾ ಕಾದಳು. ಎಂದಿನ ಹಾಗೆ ಮುಚ್ಚಿಕೊಳ್ಳುತ್ತದೆ ಎಂದುಕೊಂಡಳು.

ಮುಚ್ಚಿಕೊಳ್ಳಲಿಲ್ಲ.

"ಅಜ್ಜೀ," ಎಂದಳು ದಿವ್ಯ. ಗುಡಿಸುತ್ತಿದ್ದ ಹಿಡಿ ನಿಂತಿತು. "ಇದ್ಯಾರು? ನನ್ನ ಅಮ್ಮ ಎಲ್ಲಿ?"